ಲೆಕ್ಕದ ಭಾಷೆ, ಆಲೋಚನೆಯ ಶಿಸ್ತು: ವಾಣಿಜ್ಯ ಪ್ರೋಗ್ರಾಮಿಂಗ್ ಪಾಠದ ಇತಿಹಾಸ

ನಮ್ಮ ಶಾಲೆಯಲ್ಲಿ ಓದಿ ಈಗ ಬಿ.ಕಾಂ. ವ್ಯಾಸಂಗ ಮಾಡುತ್ತಿರುವ ಹಳೆಯ ವಿದ್ಯಾರ್ಥಿಯೊಬ್ಬ ಕಳೆದ ರಜೆಯಲ್ಲಿ ಮನೆಗೆ ಬಂದಿದ್ದ. ಕುಶಲ ವಿಚಾರಣೆ ಮುಗಿದ ಮೇಲೆ ತನ್ನ ಮನಸ್ಸಿನಲ್ಲಿದ್ದ ಪ್ರಶ್ನೆ ಕೇಳಿದ: "ಸರ್, ಕಂಪ್ಯೂಟರ್ ಪ್ರೋಗ್ರಾಮಿಂಗ್ ಕಲಿಯಬೇಕೆಂದಿದ್ದೇನೆ. ಯಾವ ಭಾಷೆ ಕಲಿತರೆ ಬೇಗ ಕೆಲಸ ಸಿಗುತ್ತದೆ?"

ನಾನು ಉರ್ದು ಮತ್ತು ಕನ್ನಡ ಕಲಿಸುವ ಶಿಕ್ಷಕ. ಕಂಪ್ಯೂಟರ್ ಭಾಷೆಗಳು ನನ್ನ ವಿಷಯವಲ್ಲ. ಆದರೂ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಏಕೆಂದರೆ ಇದೇ ಪ್ರಶ್ನೆಯನ್ನು ಇಪ್ಪತ್ತೈದು ವರ್ಷಗಳ ಹಿಂದೆ ನಮ್ಮ ಮಾಮು ಕೇಳಿದ್ದರು. ಆಗ ಎಲ್ಲರೂ ಅವರಿಗೆ ಕೊಟ್ಟ ಉತ್ತರ ಒಂದೇ: "ಕೋಬಾಲ್ ಕಲಿ." ನಮ್ಮ ನಾನಿ ಎರಡು ಬಳೆ ಅಡವಿಟ್ಟು ಫೀಸು ಕಟ್ಟಿದರು. ಆ ಕೋರ್ಸಿನ ಕಥೆಯನ್ನು ಮುಂದೆ ಹೇಳುತ್ತೇನೆ. ಅದಕ್ಕೆ ಮೊದಲು, ಕಂಪ್ಯೂಟರಿಗೆ ವ್ಯಾಪಾರದ ಲೆಕ್ಕ ಕಲಿಸುವ ವಿದ್ಯೆ ಎಲ್ಲಿಂದ ಬಂತು, ಕಾಲೇಜುಗಳಲ್ಲಿ ಅದು ಹೇಗೆ ಪಾಠವಾಯಿತು, ಆ ಪಾಠದಲ್ಲಿ ಉಳಿದದ್ದೇನು, ಅಳಿದದ್ದೇನು ಎಂಬುದನ್ನು ನೋಡೋಣ. ವಿದ್ಯಾರ್ಥಿಯ ಪ್ರಶ್ನೆಗೆ ಉತ್ತರ ಈ ಇತಿಹಾಸದಲ್ಲೇ ಇದೆ ಎಂದು ನನಗನ್ನಿಸುತ್ತದೆ.

ಲೆಕ್ಕದ ಹಳೆಯ ನಂಟು

ಕಂಪ್ಯೂಟರಿಗೆ ಕೊಡುವ ಹಂತಹಂತದ ವಿಧಾನಕ್ಕೆ 'ಅಲ್ಗಾರಿದಮ್' ಎನ್ನುತ್ತಾರೆ. ಈ ಪದ ಒಂಬತ್ತನೆಯ ಶತಮಾನದ ಗಣಿತಜ್ಞ ಮುಹಮ್ಮದ್ ಇಬ್ನ್ ಮೂಸಾ ಅಲ್-ಖ್ವಾರಿಜ್ಮಿ ಅವರ ಹೆಸರಿನ ಲ್ಯಾಟಿನ್ ರೂಪದಿಂದ ಬಂದದ್ದು. ಖಲೀಫ ಅಲ್-ಮಾಮೂನರ ಕಾಲದ ಬಗ್ದಾದಿನಲ್ಲಿ ಅವರು ಕೆಲಸ ಮಾಡಿದರು. ಭಾರತದ ಅಂಕಿಗಳಿಂದ ಲೆಕ್ಕ ಮಾಡುವ ಕ್ರಮವನ್ನು ವಿವರಿಸಿ ಅವರು ಬರೆದ ಗ್ರಂಥ ಮುಂದೆ ಯುರೋಪಿಗೂ ತಲುಪಿತು. ಅವರ ಬೀಜಗಣಿತ ಗ್ರಂಥದ ದೊಡ್ಡದೊಂದು ಭಾಗ ಆಸ್ತಿ ಪಾಲು ಮತ್ತು ಉಯಿಲುಗಳ ಲೆಕ್ಕಕ್ಕೆ ಮೀಸಲಾಗಿದೆ. ಆ ಗ್ರಂಥ ವ್ಯಾಪಾರ ಮತ್ತು ಭೂಮಿಯ ಅಳತೆಯಂಥ ದಿನಬಳಕೆಯ ಅಗತ್ಯಗಳನ್ನೂ ಗಮನದಲ್ಲಿಟ್ಟುಕೊಂಡು ರಚಿತವಾದದ್ದು. ಅಂದರೆ ಹಂತಹಂತವಾಗಿ ಲೆಕ್ಕ ಮಾಡುವ ಕ್ರಮಕ್ಕೂ ಬದುಕಿನ ವ್ಯವಹಾರಕ್ಕೂ ಇರುವ ನಂಟು ಹೊಸದಲ್ಲ.

ನಮ್ಮ ಅಂಗಡಿಗಳ ಲೆಕ್ಕದ ಪುಸ್ತಕ ತೆರೆದರೂ ಇದು ಕಾಣುತ್ತದೆ. ಜಮಾ, ಖರ್ಚು, ಬಾಕಿ, ವಸೂಲಿ, ರಸೀದಿ ಇವೆಲ್ಲ ಅರಬ್ಬಿ, ಫಾರಸಿ ಮೂಲದಿಂದ ಬಂದು ಕನ್ನಡದಲ್ಲಿ ನೆಲೆ ನಿಂತ ಪದಗಳು. ವ್ಯವಹಾರದ ಮಾತು ಭಾಷೆಗಳ ಗಡಿ ದಾಟುತ್ತಲೇ ಇರುತ್ತದೆ. ಕಂಪ್ಯೂಟರಿನ ವಿಷಯದಲ್ಲೂ ಆದದ್ದು ಅದೇ.

ಚಹಾ ಅಂಗಡಿಯ ಕಂಪ್ಯೂಟರ್

ಮೊದಲ ಕಂಪ್ಯೂಟರುಗಳನ್ನು ಕಟ್ಟಿದ್ದು ವಿಜ್ಞಾನಿಗಳ ಮತ್ತು ಸೈನ್ಯದ ಲೆಕ್ಕಗಳಿಗಾಗಿ. ಅವುಗಳಿಂದ ಅಂಗಡಿಯ ಲೆಕ್ಕ ಮಾಡಿಸಬಹುದೆಂದು ಕಾರ್ಯತಃ ತೋರಿಸಿದ್ದು ಇಂಗ್ಲೆಂಡಿನ ಒಂದು ಚಹಾ ಅಂಗಡಿಗಳ ಸಂಸ್ಥೆ ಎಂದರೆ ಆಶ್ಚರ್ಯವಾಗಬಹುದು. ಜೆ. ಲಯನ್ಸ್ ಎಂಬ ಆ ಸಂಸ್ಥೆಗೆ ಊರೂರುಗಳಲ್ಲಿ ಚಹಾ ಅಂಗಡಿಗಳೂ ದೊಡ್ಡ ಬೇಕರಿಗಳೂ ಇದ್ದವು. ಬ್ರೆಡ್ಡು, ಕೇಕುಗಳ ಲೆಕ್ಕ ಬರೆಯುವುದೇ ಅವರಿಗೊಂದು ದೊಡ್ಡ ಕೆಲಸ. ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಯಂತ್ರವೊಂದನ್ನು ಮಾದರಿಯಾಗಿಟ್ಟುಕೊಂಡು ಅವರೇ 'ಲಿಯೋ' ಎಂಬ ಕಂಪ್ಯೂಟರ್ ಕಟ್ಟಿಸಿದರು. 1951ರ ನವೆಂಬರಿನಲ್ಲಿ ಅದು ಬೇಕರಿ ಉತ್ಪನ್ನಗಳ ಮೌಲ್ಯದ ಲೆಕ್ಕವನ್ನು ನಿಯಮಿತವಾಗಿ ಮಾಡಲಾರಂಭಿಸಿತು. ಕೆಲವು ವರ್ಷಗಳಲ್ಲಿ ನೌಕರರ ಸಂಬಳದ ಪಟ್ಟಿಯನ್ನೂ ತಯಾರಿಸತೊಡಗಿತು.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಲಿಯೋ ತಂಡದಲ್ಲಿ ಡೇವಿಡ್ ಕ್ಯಾಮಿನರ್ ಎಂಬುವರಿದ್ದರು. ಅವರು ನೇರವಾಗಿ ಯಂತ್ರದ ಮುಂದೆ ಕುಳಿತುಕೊಳ್ಳುವ ಪದ್ಧತಿ ಇಟ್ಟುಕೊಳ್ಳಲಿಲ್ಲ. ಕಚೇರಿಯಲ್ಲಿ ಕೆಲಸ ಹೇಗೆ ನಡೆಯುತ್ತದೆಂದು ಮೊದಲು ಅಭ್ಯಾಸ, ಬಳಿಕ ಕಾಗದದ ಮೇಲೆ ನಕ್ಷೆ, ಕೊನೆಗೆ ಯಂತ್ರಕ್ಕೆ ಆದೇಶ. ಇದು ಅವರ ಕ್ರಮ. ವಾಣಿಜ್ಯ ಪ್ರೋಗ್ರಾಮಿಂಗಿನ ಮೊದಲ ಪಾಠ ಹೀಗೆ ಕಾಗದದ ಮೇಲೆಯೇ ಆರಂಭವಾಯಿತು.

ಕೋಬಾಲ್ ಹುಟ್ಟಿದ ಬಗೆ

ಆ ಕಾಲದಲ್ಲಿ ಒಂದೊಂದು ಕಂಪನಿಯ ಕಂಪ್ಯೂಟರಿಗೂ ಅದರದೇ ಸಂಕೇತ ಭಾಷೆ. ಒಂದಕ್ಕೆ ಬರೆದ ಪ್ರೋಗ್ರಾಂ ಇನ್ನೊಂದರಲ್ಲಿ ನಡೆಯುತ್ತಿರಲಿಲ್ಲ. ಯಂತ್ರ ಬದಲಾದರೆ ಎಲ್ಲವನ್ನೂ ಮತ್ತೆ ಬರೆಯಬೇಕು. ಅಲ್ಲದೆ ಆ ಸಂಕೇತಗಳು ಲೆಕ್ಕಿಗರಿಗಾಗಲೀ ವ್ಯವಸ್ಥಾಪಕರಿಗಾಗಲೀ ಅರ್ಥವಾಗುವಂಥವಲ್ಲ.

ಇದಕ್ಕೆ ದಾರಿ ತೋರಿಸಿದವರಲ್ಲಿ ಪ್ರಮುಖರು ಅಮೆರಿಕದ ಗ್ರೇಸ್ ಹಾಪರ್. ಅವರು ಮೂಲತಃ ಗಣಿತದ ಅಧ್ಯಾಪಕಿ. ಯೇಲ್ ವಿಶ್ವವಿದ್ಯಾಲಯದಿಂದ 1934ರಲ್ಲಿ ಪಿಎಚ್.ಡಿ. ಪಡೆದು ವಾಸರ್ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದರು. ಎರಡನೆಯ ಮಹಾಯುದ್ಧದ ಸಮಯದಲ್ಲಿ ನೌಕಾದಳ ಸೇರಿ ಹಾರ್ವರ್ಡಿನ 'ಮಾರ್ಕ್ 1' ಯಂತ್ರದ ಮೇಲೆ ಕೆಲಸ ಮಾಡಿದರು. ವ್ಯಾಪಾರದ ಜನ ಗಣಿತದ ಚಿಹ್ನೆಗಳಲ್ಲಿ ಯೋಚಿಸುವುದಿಲ್ಲ, ಮಾತಿನಲ್ಲಿ ಯೋಚಿಸುತ್ತಾರೆ, ಆದ್ದರಿಂದ ಪ್ರೋಗ್ರಾಮನ್ನು ಮಾತಿನಲ್ಲೇ ಬರೆಯುವಂತಿರಬೇಕು ಎಂಬುದು ಅವರ ವಾದ. ಅದನ್ನು ಮನವರಿಕೆ ಮಾಡಿಕೊಡಲು ಒಮ್ಮೆ ಒಂದೇ ಪ್ರೋಗ್ರಾಮನ್ನು ಇಂಗ್ಲಿಷ್, ಫ್ರೆಂಚ್, ಜರ್ಮನ್ ಪದಗಳಲ್ಲಿ ಬರೆದು ತೋರಿಸಿದರು. ಅಮೆರಿಕದ ಕಂಪ್ಯೂಟರ್ ಫ್ರೆಂಚ್ ಅರ್ಥ ಮಾಡಿಕೊಳ್ಳುವುದೆಂದರೇನು ಎಂದು ಮೇಲಧಿಕಾರಿಗಳು ಗಾಬರಿಯಾದರಂತೆ! ಯಂತ್ರಕ್ಕೆ ಯಾವ ಭಾಷೆಯೂ ಸ್ವಂತದ್ದಲ್ಲ, ಅದಕ್ಕೆ ಬೇಕಾದದ್ದು ಖಚಿತ ನಿಯಮ ಮಾತ್ರ ಎಂಬ ಸರಳ ಸತ್ಯ ಅಂದು ಅಷ್ಟು ಸುಲಭವಾಗಿ ತಲೆಗೆ ಹೋಗುತ್ತಿರಲಿಲ್ಲ. ಹಾಪರ್ ಅವರ ತಂಡ ಕಟ್ಟಿದ 'ಫ್ಲೋ-ಮ್ಯಾಟಿಕ್' ಮುಂದಿನ ದೊಡ್ಡ ಕೆಲಸಕ್ಕೆ ಬುನಾದಿಯಾಯಿತು.

1959ರ ಆರಂಭದಲ್ಲಿ ಮೇರಿ ಹಾಸ್ ಎಂಬ ಪ್ರೋಗ್ರಾಮರ್, ಎಲ್ಲ ಯಂತ್ರಗಳಿಗೂ ಸಲ್ಲುವ ಒಂದು ವ್ಯವಹಾರ ಭಾಷೆ ಬೇಕೆಂದು ಕರೆ ಕೊಟ್ಟರು. ಅದೇ ವರ್ಷ ಮೇ 28 ಮತ್ತು 29ರಂದು ಅಮೆರಿಕದ ರಕ್ಷಣಾ ಇಲಾಖೆಯ ಕಚೇರಿಯಲ್ಲಿ ಸಭೆ ನಡೆಯಿತು. ಸರ್ಕಾರದವರು, ಕಂಪ್ಯೂಟರ್ ತಯಾರಕರು, ಬಳಕೆದಾರರು ಸೇರಿ ನಲವತ್ತರಷ್ಟು ಜನ ಕೂಡಿದರು. ಅಲ್ಲಿ ರೂಪುಗೊಂಡ ಸಮಿತಿಯ ಫಲವೇ 'ಕಾಮನ್ ಬಿಸಿನೆಸ್ ಓರಿಯೆಂಟೆಡ್ ಲ್ಯಾಂಗ್ವೇಜ್', ಸಂಕ್ಷಿಪ್ತವಾಗಿ ಕೋಬಾಲ್. ಅದನ್ನು ರೂಪಿಸಿದವರಲ್ಲಿ ಜೀನ್ ಸ್ಯಾಮೆಟ್, ಗರ್ಟ್ರೂಡ್ ಟಿಯರ್ನಿ ಮುಂತಾದ ಮಹಿಳೆಯರೂ ಇದ್ದರೆಂಬುದನ್ನು ನಮ್ಮ ಹೆಣ್ಣುಮಕ್ಕಳು ಗಮನಿಸಬೇಕು.

ಈ ಭಾಷೆ ಬದುಕುತ್ತದೆಂಬ ನಂಬಿಕೆ ಎಲ್ಲರಿಗೂ ಇರಲಿಲ್ಲ. ಸಮಿತಿಯ ಕೆಲಸ ನಿಧಾನವಾದುದಕ್ಕೆ ಬೇಸತ್ತ ಸದಸ್ಯ ಹೋವರ್ಡ್ ಬ್ರಾಂಬರ್ಗ್, 'ಕೋಬಾಲ್' ಎಂದು ಕೆತ್ತಿಸಿದ ಒಂದು ಗೋರಿಕಲ್ಲನ್ನೇ ಖರೀದಿಸಿ ರಕ್ಷಣಾ ಇಲಾಖೆಯ ಅಧಿಕಾರಿ ಚಾರ್ಲ್ಸ್ ಫಿಲಿಪ್ಸ್ ಅವರಿಗೆ ಕಳುಹಿಸಿದರು. ಆದರೆ 1960ರ ಡಿಸೆಂಬರಿನಲ್ಲಿ ಎರಡು ಬೇರೆ ಬೇರೆ ಕಂಪನಿಗಳ ಯಂತ್ರಗಳ ಮೇಲೆ ಹೆಚ್ಚುಕಡಿಮೆ ಒಂದೇ ಪ್ರೋಗ್ರಾಂ ಯಶಸ್ವಿಯಾಗಿ ನಡೆಯಿತು. ಗೋರಿಕಲ್ಲು ಈಗ ವಸ್ತುಸಂಗ್ರಹಾಲಯದಲ್ಲಿದೆ. ಕೋಬಾಲ್ ಇನ್ನೂ ಕೆಲಸ ಮಾಡುತ್ತಿದೆ.

ನಾಲ್ಕು ವಿಭಾಗಗಳು

ಕೋಬಾಲ್ ಪ್ರೋಗ್ರಾಮಿಗೆ ನಾಲ್ಕು ವಿಭಾಗಗಳು. ಮೊದಲನೆಯದು ಪ್ರೋಗ್ರಾಮಿನ ಹೆಸರು, ಗುರುತು. ಎರಡನೆಯದು ಯಾವ ಯಂತ್ರ, ಯಾವ ಕಡತಗಳು ಎಂಬ ವಿವರ. ಮೂರನೆಯದು ದತ್ತಾಂಶದ ವರ್ಣನೆ: ಹೆಸರಿಗೆ ಎಷ್ಟು ಅಕ್ಷರ, ಸಂಬಳಕ್ಕೆ ಎಷ್ಟು ಅಂಕಿ, ರೂಪಾಯಿಯ ನಂತರ ಪೈಸೆಗೆ ಎಷ್ಟು ಸ್ಥಾನ ಎಂಬುದೆಲ್ಲ ಇಲ್ಲಿ ಮೊದಲೇ ನಿಗದಿಯಾಗಬೇಕು. ನಾಲ್ಕನೆಯದು ಮಾಡಬೇಕಾದ ಕೆಲಸದ ವಿಧಾನ.

ನಾವು ಮಕ್ಕಳಿಗೆ ಪ್ರಬಂಧ ಕಲಿಸುವಾಗ ಪೀಠಿಕೆ, ವಿಷಯ ವಿವರಣೆ, ಉಪಸಂಹಾರ ಎಂದು ಹೇಳಿಕೊಡುತ್ತೇವಲ್ಲವೇ? ಹೆಚ್ಚುಕಡಿಮೆ ಅದೇ ರೀತಿ. ಏನನ್ನು ಕುರಿತು ಹೇಳುತ್ತೇವೆಂಬುದನ್ನು ಮೊದಲು ಹೇಳಿ, ಏನು ಮಾಡಬೇಕೆಂಬುದನ್ನು ಆಮೇಲೆ ಹೇಳುವುದು. ಹಣದ ಲೆಕ್ಕವನ್ನು ನಾವು ಮಾಡುವ ಹಾಗೆ ದಶಮಾಂಶ ಪದ್ಧತಿಯಲ್ಲೇ ಇಡುವ ವ್ಯವಸ್ಥೆ ಅದರಲ್ಲಿದೆ. ಆದ್ದರಿಂದ ಪೈಸೆ ತಪ್ಪುವುದಿಲ್ಲ. ಬ್ಯಾಂಕುಗಳು ಇದನ್ನು ಮೆಚ್ಚಿಕೊಳ್ಳಲು ಅದೂ ಒಂದು ಕಾರಣ.

'ಗೋ ಟು' ತಂದ ಗೊಂದಲ

ವಿಭಾಗಗಳು ಅಚ್ಚುಕಟ್ಟಾಗಿದ್ದರೂ ನಾಲ್ಕನೆಯ ವಿಭಾಗದ ಒಳಗೆ ಒಂದು ಅಪಾಯ ಅಡಗಿತ್ತು. ಅದು 'ಗೋ ಟು', ಅಂದರೆ 'ಅಲ್ಲಿಗೆ ಹೋಗು' ಎಂಬ ಆದೇಶ. ಪ್ರೋಗ್ರಾಮಿನ ಯಾವುದೇ ಜಾಗದಿಂದ ಯಾವುದೇ ಜಾಗಕ್ಕೆ ಜಿಗಿಯಲು ಅದು ಅನುಮತಿ ಕೊಡುತ್ತದೆ. ಇದಲ್ಲದೆ 'ಆಲ್ಟರ್' ಎಂಬ ಇನ್ನೊಂದು ಆದೇಶವಿತ್ತು. ಆ ಜಿಗಿತದ ಗುರಿಯನ್ನೇ ಅದು ನಡುವೆ ಬದಲಿಸಿಬಿಡುತ್ತಿತ್ತು.

ಒಂದು ಪುಸ್ತಕ ಓದುತ್ತಿದ್ದೀರಿ ಎಂದುಕೊಳ್ಳಿ. ಮೂರನೆಯ ಪುಟದಲ್ಲಿ 'ನಲವತ್ತನೆಯ ಪುಟಕ್ಕೆ ಹೋಗಿ' ಎಂದಿದೆ. ಅಲ್ಲಿ 'ಹನ್ನೆರಡಕ್ಕೆ ಹೋಗಿ' ಎಂದಿದೆ. ಹನ್ನೆರಡರಲ್ಲಿ 'ಇಂದು ಶುಕ್ರವಾರವಾದರೆ ಮೂರಕ್ಕೆ, ಇಲ್ಲವಾದರೆ ಅರವತ್ತಕ್ಕೆ' ಎಂದಿದೆ. ಓದುವವನ ಗತಿ ಏನು? ಬರೆದವನು ಕೆಲಸ ಬಿಟ್ಟುಹೋದ ಮೇಲೆ ಅದನ್ನು ತಿದ್ದಬೇಕಾದವನ ಗತಿ ಏನು? ಆ ಕಾಲದ ಎಷ್ಟೋ ಪ್ರೋಗ್ರಾಮುಗಳು ಹೀಗೆಯೇ ಇದ್ದವು. ಅವುಗಳಿಗೆ 'ಶಾವಿಗೆ ಪ್ರೋಗ್ರಾಂ' ಎಂಬ ಅರ್ಥದ ಅಡ್ಡಹೆಸರು ಬಂತು. ಒಂದು ಎಳೆ ಎಳೆದರೆ ಎಲ್ಲವೂ ಅಲುಗಾಡುತ್ತದೆ.

1966ರಲ್ಲಿ ಇಟಲಿಯ ಬೋಮ್ ಮತ್ತು ಯಾಕೊಪಿನಿ ಎಂಬ ಇಬ್ಬರು ವಿದ್ವಾಂಸರು ಗಣಿತದ ಮೂಲಕ ಒಂದು ಸಂಗತಿಯನ್ನು ಸಾಧಿಸಿ ತೋರಿಸಿದರು. ಎಂಥ ಜಟಿಲ ವಿಧಾನವನ್ನಾದರೂ ಮೂರೇ ಮೂರು ಬಗೆಯ ಕಟ್ಟುಗಳಿಂದ ರಚಿಸಬಹುದು, ಜಿಗಿತದ ಅಗತ್ಯವಿಲ್ಲ. 1968ರ ಮಾರ್ಚಿನಲ್ಲಿ ನೆದರ್ಲೆಂಡ್ಸಿನ ಎಡ್ಸ್‌ಗರ್ ಡೈಕ್‌ಸ್ಟ್ರಾ 'ಗೋ ಟು' ಹಾನಿಕರವೆಂದು ವಾದಿಸುವ ಚಿಕ್ಕ ಪತ್ರವೊಂದನ್ನು ಅಮೆರಿಕದ ಕಂಪ್ಯೂಟರ್ ಸಂಘದ ಪತ್ರಿಕೆಯಲ್ಲಿ ಪ್ರಕಟಿಸಿದರು. ಅದೇ ವರ್ಷದ ಅಕ್ಟೋಬರಿನಲ್ಲಿ ಜರ್ಮನಿಯ ಗಾರ್ಮಿಶ್‌ನಲ್ಲಿ ಸೇರಿದ ತಜ್ಞರು, ದೊಡ್ಡ ಪ್ರೋಗ್ರಾಮುಗಳು ಹೇಳಿದ ಸಮಯಕ್ಕೆ ಮುಗಿಯುತ್ತಿಲ್ಲ, ಮುಗಿದರೂ ತಪ್ಪುಗಳಿಂದ ತುಂಬಿರುತ್ತವೆ ಎಂದು ಕಳವಳ ವ್ಯಕ್ತಪಡಿಸಿದರು. ಈ ಹಿನ್ನೆಲೆಯಲ್ಲಿ 'ಸ್ಟ್ರಕ್ಚರ್ಡ್ ಪ್ರೋಗ್ರಾಮಿಂಗ್', ಅಂದರೆ ರಚನಾಬದ್ಧ ಪ್ರೋಗ್ರಾಮಿಂಗ್ ಎಂಬ ಮಾತು ಚಾಲ್ತಿಗೆ ಬಂತು. 1972ರಲ್ಲಿ ಡಾಲ್, ಡೈಕ್‌ಸ್ಟ್ರಾ, ಹೋರ್ ಮೂವರೂ ಸೇರಿ ಅದೇ ಹೆಸರಿನ ಪುಸ್ತಕ ತಂದರು.

ಮೂರು ಕಟ್ಟುಗಳು ಯಾವುವು?

ಕಿರಾಣಿ ಅಂಗಡಿಯ ಉದ್ರಿ ಪುಸ್ತಕವನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ.

ಮೊದಲನೆಯದು ಅನುಕ್ರಮ: ಒಂದರ ನಂತರ ಒಂದು. ಪುಸ್ತಕ ತೆರೆ, ಹಳೆಯ ಬಾಕಿ ನೋಡು, ಇಂದಿನ ಸಾಮಾನಿನ ಬೆಲೆ ಕೂಡಿಸು, ಹೊಸ ಬಾಕಿ ಬರೆ.

ಎರಡನೆಯದು ಆಯ್ಕೆ: ಹೀಗಿದ್ದರೆ ಹಾಗೆ, ಇಲ್ಲದಿದ್ದರೆ ಹೀಗೆ. ಗಿರಾಕಿ ಹಣ ಕೊಟ್ಟರೆ ಬಾಕಿಯಿಂದ ಕಳೆ, ಸಾಮಾನು ಒಯ್ದರೆ ಬಾಕಿಗೆ ಕೂಡಿಸು.

ಮೂರನೆಯದು ಪುನರಾವರ್ತನೆ: ಪುಸ್ತಕ ಮುಗಿಯುವವರೆಗೆ ಒಬ್ಬೊಬ್ಬ ಗಿರಾಕಿಗೂ ಇದನ್ನೇ ಮಾಡು.

ಇಷ್ಟೇ. ಸಂಬಳದ ಪಟ್ಟಿ, ವಿದ್ಯುತ್ ಬಿಲ್ಲು, ವಿಮೆಯ ಕಂತು, ವಿದ್ಯಾರ್ಥಿವೇತನದ ಹಂಚಿಕೆ, ಎಲ್ಲವೂ ಈ ಮೂರರ ಹೆಣಿಗೆ. ಪ್ರತಿಯೊಂದು ಕಟ್ಟಿಗೂ ಒಳಬರುವ ಬಾಗಿಲು ಒಂದು, ಹೊರಹೋಗುವ ಬಾಗಿಲು ಒಂದು. ದೊಡ್ಡ ಕೆಲಸವನ್ನು ಚಿಕ್ಕ ಕೆಲಸಗಳಾಗಿ, ಚಿಕ್ಕದನ್ನು ಇನ್ನೂ ಚಿಕ್ಕದಾಗಿ ಒಡೆಯುತ್ತ ಮೇಲಿನಿಂದ ಕೆಳಗೆ ಬರುವುದು ಈ ವಿದ್ಯೆಯ ಇನ್ನೊಂದು ಸೂತ್ರ.

ಬ್ರಿಟನ್ನಿನ ಮೈಕೆಲ್ ಜಾಕ್ಸನ್ 1975ರಲ್ಲಿ ಪ್ರಕಟಿಸಿದ ಪುಸ್ತಕ ವ್ಯವಹಾರದ ಲೆಕ್ಕಕ್ಕೆ ಇದನ್ನು ಇನ್ನಷ್ಟು ಹತ್ತಿರ ತಂದಿತು. ದತ್ತಾಂಶ ಯಾವ ಆಕಾರದಲ್ಲಿದೆಯೋ ಪ್ರೋಗ್ರಾಮೂ ಅದೇ ಆಕಾರದಲ್ಲಿರಲಿ ಎಂಬುದು ಅದರ ತಿರುಳು. ಉದ್ರಿ ಪುಸ್ತಕದಲ್ಲಿ ಹಲವು ಗಿರಾಕಿಗಳು, ಒಬ್ಬೊಬ್ಬ ಗಿರಾಕಿಯ ಕೆಳಗೆ ಹಲವು ನಮೂದುಗಳು. ಹಾಗಾದರೆ ಪ್ರೋಗ್ರಾಮಿನಲ್ಲೂ ಹೊರಗೆ ಗಿರಾಕಿಗಳ ಸುತ್ತು, ಅದರೊಳಗೆ ನಮೂದುಗಳ ಸುತ್ತು. ಒಳಸುತ್ತು ಮುಗಿದಾಗ ಆ ಗಿರಾಕಿಯ ಮೊತ್ತ, ಹೊರಸುತ್ತು ಮುಗಿದಾಗ ಅಂಗಡಿಯ ಒಟ್ಟು ಮೊತ್ತ. ಲೆಕ್ಕ ಬಲ್ಲ ಯಾವ ಅಂಗಡಿಕಾರನಿಗೂ ಇದು ಅರ್ಥವಾಗುತ್ತದೆ.

ಕಾಲೇಜಿನ ತರಗತಿಯಲ್ಲಿ

ಕಾಲೇಜುಗಳಲ್ಲಿ ಈ ಪಾಠ ಎರಡು ಹೊಳೆಗಳಾಗಿ ಹರಿಯಿತು. ಕಂಪ್ಯೂಟರ್ ವಿಜ್ಞಾನ ವಿಭಾಗಗಳು ನಿಕ್ಲಾಸ್ ವಿರ್ತ್ ಅವರು 1970ರಲ್ಲಿ ಬೋಧನೆಗೆಂದೇ ರೂಪಿಸಿದ ಪ್ಯಾಸ್ಕಲ್ ಭಾಷೆಯನ್ನು ಮೆಚ್ಚಿದವು. ವಾಣಿಜ್ಯ ವಿಭಾಗಗಳು ಕೋಬಾಲನ್ನು ಹಿಡಿದವು, ಏಕೆಂದರೆ ಕೆಲಸ ಕೊಡುವ ಕಚೇರಿಗಳಲ್ಲಿ ಇದ್ದದ್ದು ಅದೇ. ಇಬ್ಬರ ನಡುವೆ ಮನಸ್ತಾಪವೂ ಇತ್ತು. ಕೋಬಾಲ್ ಬಳಕೆ ಬುದ್ಧಿಯನ್ನು ಊನಗೊಳಿಸುತ್ತದೆ, ಅದನ್ನು ಕಲಿಸುವುದನ್ನು ಅಪರಾಧವೆಂದೇ ಪರಿಗಣಿಸಬೇಕು ಎಂಬ ಅರ್ಥ ಬರುವಂತೆ ಡೈಕ್‌ಸ್ಟ್ರಾ 1975ರಲ್ಲಿ ಕಟುವಾಗಿ ಬರೆದರು.

ವಾಣಿಜ್ಯ ಕಾಲೇಜುಗಳ ಅಧ್ಯಾಪಕರು ಇದಕ್ಕೆ ಕೆಲಸದ ಮೂಲಕ ಉತ್ತರ ಕೊಟ್ಟರು ಎನ್ನಬಹುದು. ಕೋಬಾಲನ್ನು ಬಿಡಲಿಲ್ಲ, ಅದನ್ನು ಕಲಿಸುವ ಬಗೆಯನ್ನು ಬದಲಿಸಿದರು. ಪಠ್ಯಪುಸ್ತಕಗಳ ಹೆಸರಿನಲ್ಲೇ 'ಸ್ಟ್ರಕ್ಚರ್ಡ್' ಎಂಬ ಪದ ಬಂತು. ನ್ಯಾನ್ಸಿ ಸ್ಟರ್ನ್ ಮತ್ತು ರಾಬರ್ಟ್ ಸ್ಟರ್ನ್ ಅವರ 'ಸ್ಟ್ರಕ್ಚರ್ಡ್ ಕೋಬಾಲ್ ಪ್ರೋಗ್ರಾಮಿಂಗ್' ಹಲವು ಆವೃತ್ತಿಗಳನ್ನು ಕಂಡಿತು. 'ಗೋ ಟು' ಬದಲಿಗೆ 'ಪರ್ಫಾರ್ಮ್' ಆದೇಶ ಬಳಸುವುದನ್ನು ಕಲಿಸಿದರು. ಅದು ಒಂದು ಕೆಲಸ ಮಾಡಿಸಿ ಮತ್ತೆ ಹೊರಟ ಜಾಗಕ್ಕೇ ಕರೆತರುತ್ತದೆ. ಪ್ರೋಗ್ರಾಮಿನ ಮೊದಲ ಭಾಗದಲ್ಲಿ ಮೂರು ಸಾಲು: ಆರಂಭಿಸು, ಕಡತ ಮುಗಿಯುವವರೆಗೆ ಒಬ್ಬೊಬ್ಬರ ಲೆಕ್ಕ ಮಾಡು, ಮುಗಿಸು. ಆ ಮೂರು ಸಾಲು ಓದಿದರೆ ಇಡೀ ಪ್ರೋಗ್ರಾಮಿನ ಸಾರ ತಿಳಿಯಬೇಕು.

ಸುತ್ತು ಆರಂಭವಾಗುವ ಮೊದಲೇ ಒಂದು ದಾಖಲೆ ಓದಿಟ್ಟುಕೊಳ್ಳಬೇಕೆಂಬ ಪಾಠವೂ ಹೀಗೆಯೇ ಬಂತು. ಲೆಕ್ಕ ಮಾಡಿದ ಮೇಲೆ ಮುಂದಿನದನ್ನು ಓದುವುದು, ಕಡತ ಮುಗಿದಿದ್ದರೆ ನಿಲ್ಲುವುದು. ಹಾಗಲ್ಲದೆ ಸುತ್ತಿನ ಆರಂಭದಲ್ಲೇ ಓದಿ, ಮುಗಿದಿದೆಯೇ ಎಂದು ನೋಡದೆ ಲೆಕ್ಕ ಮಾಡಿದರೆ ಕೊನೆಯ ನೌಕರನಿಗೆ ಎರಡು ಸಲ ಸಂಬಳ ಮುದ್ರಣವಾಗುತ್ತದೆ! ಹೊಸಬರು ಸಾಮಾನ್ಯವಾಗಿ ಮಾಡುವ ತಪ್ಪು ಇದು.

ಆ ದಿನಗಳಲ್ಲಿ ವಿದ್ಯಾರ್ಥಿಗಳು ಕೋಡಿಂಗ್ ಹಾಳೆಯ ಮೇಲೆ ಪೆನ್ಸಿಲಿನಿಂದ ಬರೆದು, ಎಂಬತ್ತು ಅಂಕಣದ ರಂಧ್ರಪತ್ರಗಳಲ್ಲಿ ಒಂದೊಂದು ಸಾಲನ್ನು ಕೊರೆಸಿ, ಆ ಕಟ್ಟನ್ನು ಕಂಪ್ಯೂಟರ್ ಕೇಂದ್ರಕ್ಕೆ ಕೊಟ್ಟು ಫಲಿತಾಂಶಕ್ಕೆ ಕಾಯಬೇಕಾಗಿತ್ತು. ಒಂದು ಚುಕ್ಕೆ ತಪ್ಪಿದರೆ ಮತ್ತೆ ಮೊದಲಿನಿಂದ. ಯಂತ್ರದ ಸಮಯ ದುಬಾರಿಯಾಗಿದ್ದುದರಿಂದ ಕಾಗದದ ಮೇಲೆ ಯೋಚಿಸುವುದು ಅನಿವಾರ್ಯವಾಗಿತ್ತು.

ಚುಕ್ಕೆಯ ವಿಷಯ ಬಂದದ್ದರಿಂದ ಭಾಷಾ ಶಿಕ್ಷಕನಾಗಿ ಒಂದು ಮಾತು. ಉರ್ದುವಿನಲ್ಲಿ 'ರೋಕೋ, ಮತ್ ಜಾನೇ ದೋ' ಎಂದರೆ 'ತಡೆ, ಹೋಗಲು ಬಿಡಬೇಡ'. 'ರೋಕೋ ಮತ್, ಜಾನೇ ದೋ' ಎಂದರೆ 'ತಡೆಯಬೇಡ, ಹೋಗಲು ಬಿಡು'. ಅಲ್ಪವಿರಾಮ ಒಂದು ಪದ ಆಚೀಚೆ ಆದರೆ ಅರ್ಥವೇ ತಲೆಕೆಳಗು. ಹಳೆಯ ಕೋಬಾಲಿನಲ್ಲಿ ಪೂರ್ಣವಿರಾಮ ಹೀಗೆಯೇ ಕಾಡುತ್ತಿತ್ತು. 'ಫೀಸು ತಡವಾಗಿದ್ದರೆ ದಂಡ ಸೇರಿಸು, ದಂಡದ ಚೀಟಿ ಮುದ್ರಿಸು' ಎಂಬ ಆದೇಶದಲ್ಲಿ 'ಸೇರಿಸು' ಎಂಬುದರ ಮುಂದೆ ಅಪ್ಪಿತಪ್ಪಿ ಪೂರ್ಣವಿರಾಮ ಬಿದ್ದರೆ, ಷರತ್ತು ಅಲ್ಲಿಗೇ ಮುಗಿದು ಎಲ್ಲ ವಿದ್ಯಾರ್ಥಿಗಳಿಗೂ ದಂಡದ ಚೀಟಿ ಹೊರಬರುತ್ತಿತ್ತು. 1985ರ ಪರಿಷ್ಕೃತ ಕೋಬಾಲಿನಲ್ಲಿ 'ಎಂಡ್-ಇಫ್' ಎಂಬ ಸ್ಪಷ್ಟ ಮುಕ್ತಾಯ ಸೂಚನೆ ಬಂತು. ತರಗತಿಗಳಲ್ಲಿ ಕಲಿಸುತ್ತಿದ್ದ ಶಿಸ್ತಿಗೆ ಭಾಷೆಯೇ ಹೊಂದಿಕೊಂಡಿತು.

ನಮ್ಮ ದೇಶದಲ್ಲಿ

ಭಾರತದಲ್ಲಿ 1960ರ ದಶಕದಿಂದ ಕೆಲವು ದೊಡ್ಡ ಸಂಸ್ಥೆಗಳು ಲೆಕ್ಕಪತ್ರಕ್ಕೆ ಕಂಪ್ಯೂಟರ್ ತಂದವು. ಉದ್ಯೋಗ ಹೋದೀತೆಂಬ ಭಯದಿಂದ ಜೀವ ವಿಮಾ ನಿಗಮದ ನೌಕರರು ಕಲ್ಕತ್ತೆಯಲ್ಲಿ ಪ್ರತಿಭಟಿಸಿದ್ದೂ ಆಗಲೇ. ಬ್ಯಾಂಕುಗಳಲ್ಲಿ ಯಂತ್ರಗಳ ಬಳಕೆಗೆ ದಾರಿ ತೆರೆದದ್ದು 1984ರ ರಂಗರಾಜನ್ ಸಮಿತಿಯ ವರದಿ.

ಪದವಿ ಮುಗಿಸಿದವರಿಗೆ ವ್ಯವಸ್ಥಿತವಾಗಿ ಈ ವಿದ್ಯೆ ಕಲಿಸುವ ಎಂ.ಸಿ.ಎ. ಶಿಕ್ಷಣ 1980ರ ದಶಕದಲ್ಲಿ ಆರಂಭವಾಯಿತು. ಅದರ ಹಿಂದೆ ಮುಖ್ಯ ಪಾತ್ರ ವಹಿಸಿದವರು ಪ್ರೊ. ವಿ. ರಾಜಾರಾಮನ್. ಐಐಟಿ ಕಾನ್ಪುರದಲ್ಲಿ ಪಾಠ ಮಾಡಿದ ಅವರು ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾದರು. ಕಡಿಮೆ ಬೆಲೆಗೆ ಸಿಗುವ ಪಠ್ಯಪುಸ್ತಕಗಳನ್ನು ಬರೆದು ಲಕ್ಷಾಂತರ ವಿದ್ಯಾರ್ಥಿಗಳಿಗೆ ಪರೋಕ್ಷ ಗುರುಗಳಾದರು. ಕಾಲೇಜು ಪ್ರವೇಶ ಸಿಗದವರಿಗಾಗಿ ಖಾಸಗಿ ಕಂಪ್ಯೂಟರ್ ಕೇಂದ್ರಗಳು ಊರೂರಿಗೂ ಬಂದವು.

ನಮ್ಮ ಮಾಮು ಸೇರಿದ್ದು ಅಂಥದೇ ಒಂದು ಕೇಂದ್ರಕ್ಕೆ, 1990ರ ದಶಕದ ಕೊನೆಯಲ್ಲಿ. ನಾನಾಗ ಪ್ರಾಥಮಿಕ ಶಾಲೆಯ ಹುಡುಗ. ಒಮ್ಮೆ ಅವರ ಜೊತೆ ಹೋಗಿದ್ದೆ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕಾಗಿತ್ತು. ಆದರೆ ಅಲ್ಲಿ ಕಲಿಸುತ್ತಿದ್ದ ಕ್ರಮ ಕಂಠಪಾಠ. ಸಂಬಳದ ಪ್ರೋಗ್ರಾಮನ್ನು ಬೋರ್ಡಿನ ಮೇಲೆ ಬರೆಯುವುದು, ಇವರು ನಕಲು ಮಾಡಿಕೊಳ್ಳುವುದು. ಪರೀಕ್ಷೆಯಲ್ಲಿ ವಿದ್ಯುತ್ ಬಿಲ್ಲಿನ ಲೆಕ್ಕ ಬಂತು. ತರಗತಿಯಲ್ಲಿ ಬಹುತೇಕ ಯಾರಿಗೂ ಬರೆಯಲಾಗಲಿಲ್ಲ. ಎರಡೂ ಲೆಕ್ಕಗಳ ಕಟ್ಟು ಒಂದೇ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಮಾಮು ಬೇಸರಗೊಂಡು ಗ್ರಂಥಾಲಯದಿಂದ ರಾಯ್ ಮತ್ತು ಘೋಷ್ ದಸ್ತಿದಾರ್ ಅವರ ಕೋಬಾಲ್ ಪುಸ್ತಕ ತಂದು, ಮೊದಲ ಪಾಠದಿಂದ ಕಾಗದದ ಮೇಲೆ ನಕ್ಷೆ ಬರೆಯುತ್ತ ಕುಳಿತರು. ಎರಡನೆಯ ಸಲ ಪಾಸಾದರು.

2000ದ ಪರೀಕ್ಷೆ

ಆ ಹೊತ್ತಿಗೆ ಜಗತ್ತೆಲ್ಲ ಕೋಬಾಲ್ ಬಲ್ಲವರನ್ನು ಹುಡುಕುತ್ತಿತ್ತು. ಕಾರಣ ನಮಗೆಲ್ಲ ಗೊತ್ತಿರುವ 'ವೈಟುಕೆ' ಸಮಸ್ಯೆ. ರಂಧ್ರಪತ್ರದಲ್ಲಿ ಜಾಗ ಕಡಿಮೆ, ಯಂತ್ರದ ನೆನಪಿನ ಬೆಲೆ ಹೆಚ್ಚು. ಆದ್ದರಿಂದ ಹಳಬರು 1965 ಎಂಬ ವರ್ಷವನ್ನು 65 ಎಂದಷ್ಟೇ ಬರೆದಿಟ್ಟಿದ್ದರು. 2000ದಲ್ಲಿ ವಯಸ್ಸಿನ ಲೆಕ್ಕ ಮಾಡಿದರೆ 00ರಿಂದ 65 ಕಳೆಯಬೇಕು. ಉತ್ತರ ಋಣ 65. ಋಣ ಚಿಹ್ನೆಗೆ ಜಾಗವಿಡದ ಕಡೆ ಅದು ಬರಿಯ 65 ಆಗುತ್ತದೆ. ಮೂವತ್ತೈದು ವರ್ಷದ ನೌಕರ ಅರವತ್ತೈದರ ಮುದುಕನಾಗಿ ನಿವೃತ್ತಿ ಪಟ್ಟಿ ಸೇರುತ್ತಾನೆ!

ಈ ತಿದ್ದುಪಡಿಯ ಕೆಲಸದ ದೊಡ್ಡ ಪಾಲು ಬೆಂಗಳೂರು ಸೇರಿದಂತೆ ಭಾರತದ ಕಂಪನಿಗಳಿಗೆ ಬಂತು. ಸಾವಿರಾರು ಯುವಕರು ತಮಗಿಂತ ಹಳೆಯದಾದ ಪ್ರೋಗ್ರಾಮುಗಳನ್ನು ಸಾಲು ಸಾಲಾಗಿ ಓದಿದರು. ರಚನಾಬದ್ಧವಾಗಿ ಬರೆದಿದ್ದರೆ ಕೆಲಸ ಹಗುರ, 'ಗೋ ಟು' ತುಂಬಿದ್ದರೆ ದಿನಗಟ್ಟಲೆ ಹುಡುಕಾಟ. ಮೂವತ್ತು ವರ್ಷಗಳ ಹಿಂದಿನ ಒಬ್ಬ ವಿದ್ಯಾರ್ಥಿಗೆ ಅವನ ಗುರು ಶಿಸ್ತು ಕಲಿಸಿದ್ದನೋ ಇಲ್ಲವೋ ಎಂಬುದು ಬೇರೆ ದೇಶದ ಇನ್ನೊಬ್ಬ ಯುವಕನ ನಿದ್ದೆಯನ್ನು ನಿರ್ಧರಿಸಿತು.

2000ದ ಜನವರಿ ಸುಗಮವಾಗಿ ಕಳೆಯಿತು, ಆ ಕೆಲಸವೂ ಮುಗಿಯಿತು. ಕೋಬಾಲ್ ಎಂಬ ಹೆಸರನ್ನಷ್ಟೇ ಕಲಿತವರಿಗೆ ದಾರಿ ಮುಚ್ಚಿತು. ಕಟ್ಟನ್ನು ಕಲಿತವರು ಜಾವಾ ಮತ್ತಿತರ ಭಾಷೆಗಳಿಗೆ ದಾಟಿಕೊಂಡರು. ಆದರೆ ಕೋಬಾಲ್ ಸಾಯಲಿಲ್ಲ. ದೊಡ್ಡ ಬ್ಯಾಂಕುಗಳಲ್ಲಿ, ವಿಮಾ ಸಂಸ್ಥೆಗಳಲ್ಲಿ ಅದು ಇಂದಿಗೂ ನಡೆಯುತ್ತಿದೆ. 2020ರ ಏಪ್ರಿಲಿನಲ್ಲಿ, ಕೊರೊನಾ ಕಾಲದಲ್ಲಿ, ನಿರುದ್ಯೋಗ ಭತ್ಯೆಯ ಅರ್ಜಿಗಳು ಪ್ರವಾಹದಂತೆ ಬಂದಾಗ ಅಮೆರಿಕದ ನ್ಯೂಜೆರ್ಸಿ ರಾಜ್ಯದ ಗವರ್ನರ್ ಕೋಬಾಲ್ ಬಲ್ಲ ಸ್ವಯಂಸೇವಕರು ಬೇಕೆಂದು ಬಹಿರಂಗವಾಗಿ ಕೇಳಿಕೊಂಡರು. 2023ರಲ್ಲಿ ಅದರ ಇನ್ನೊಂದು ಪರಿಷ್ಕೃತ ಮಾನಕ ಪ್ರಕಟವಾಯಿತು.

ಕೊನೆಯ ಮಾತು

ಈಗ ಯಂತ್ರವೇ ಪ್ರೋಗ್ರಾಂ ಬರೆದುಕೊಡುವ ಕಾಲ ಬಂದಿದೆ. ಹಾಗಾದರೆ ಈ ಪಾಠ ಇನ್ನೇಕೆ ಎಂದು ಕೆಲವರು ಕೇಳಬಹುದು. ಯಂತ್ರ ಬರೆದದ್ದು ಸರಿಯೇ, ಕೊನೆಯ ನೌಕರನಿಗೆ ಎರಡು ಸಲ ಸಂಬಳ ಹೋಗುತ್ತಿದೆಯೇ, ತಡಮಾಡದ ವಿದ್ಯಾರ್ಥಿಗೂ ದಂಡ ಬೀಳುತ್ತಿದೆಯೇ ಎಂದು ನೋಡುವವರು ಯಾರು? ಲೆಕ್ಕದ ಕಟ್ಟನ್ನು ಬಲ್ಲವರೇ ನೋಡಬೇಕು. ಒಬ್ಬರ ಸಂಬಳ, ಇನ್ನೊಬ್ಬರ ಪಿಂಚಣಿ, ಮತ್ತೊಬ್ಬರ ವಿದ್ಯಾರ್ಥಿವೇತನ ಆ ಸಾಲುಗಳ ಮೇಲೆ ನಿಂತಿರುತ್ತದೆ. ಇದು ಬರಿಯ ಜಾಣತನದ ವಿಷಯವಲ್ಲ, ಅಮಾನತ್ತಿನ ವಿಷಯ.

ಮಾಮು ಕಂಪನಿ ಸೇರಲಿಲ್ಲ, ವಿದೇಶಕ್ಕೂ ಹೋಗಲಿಲ್ಲ. ಹಾರ್ಡ್‌ವೇರ್ ಅಂಗಡಿಯೊಂದರ ಲೆಕ್ಕಪತ್ರ ನೋಡಿಕೊಳ್ಳುತ್ತಾರೆ. ತಿಂಗಳ ಕೊನೆಗೆ ಮೊತ್ತ ತಾಳೆಯಾಗದಿದ್ದರೆ ಕಂಪ್ಯೂಟರಿನಿಂದ ಮುಖ ತಿರುಗಿಸಿ, ಹಳೆಯ ಬಿಲ್ಲಿನ ಬೆನ್ನ ಮೇಲೆ ಪೆನ್ಸಿಲಿನಿಂದ ಚೌಕಗಳನ್ನು ಬರೆಯುತ್ತಾರೆ. ತಪ್ಪು ಸಿಕ್ಕೇ ಸಿಗುತ್ತದೆ. ನಾನಿಯ ಬಳೆ ಬಿಡಿಸಿಕೊಂಡದ್ದೂ ಆ ಸಂಬಳದಿಂದಲೇ.

ಅವರ ಹಳೆಯ ನೋಟ್‌ಬುಕ್ಕನ್ನು ನನ್ನ ವಿದ್ಯಾರ್ಥಿಗೆ ಕೊಟ್ಟೆ. "ಭಾಷೆ ಯಾವುದಾದರೂ ಕಲಿ ಮಗು. ಆದರೆ ಮೊದಲ ತಿಂಗಳು ಕಂಪ್ಯೂಟರ್ ಮುಟ್ಟಬೇಡ. ನಿಮ್ಮ ಅಬ್ಬಾ ಅಂಗಡಿಯ ಉದ್ರಿ ಪುಸ್ತಕ ತೆಗೆದುಕೊಂಡು, ಅದರ ಲೆಕ್ಕ ಹೇಗೆ ನಡೆಯುತ್ತದೆಂದು ಇನ್ನೊಬ್ಬರಿಗೆ ಅರ್ಥವಾಗುವಂತೆ ಕಾಗದದ ಮೇಲೆ ಬರೆ. ಕನ್ನಡದಲ್ಲಿ ಬರೆ, ಉರ್ದುವಿನಲ್ಲಿ ಬರೆ, ಅಡ್ಡಿಯಿಲ್ಲ. ಅದನ್ನು ಓದಿ ನಿನ್ನ ತಂಗಿ ಲೆಕ್ಕ ಮಾಡಬಲ್ಲಳಾದರೆ, ಪ್ರೋಗ್ರಾಮಿಂಗಿನ ಅರ್ಧ ಪಾಠ ಮುಗಿಯಿತೆಂದು ತಿಳಿ" ಎಂದೆ.

ಕಳೆದ ವಾರ ಅವನು ಎರಡು ಹಾಳೆ ತಂದು ತೋರಿಸಿದ. ತಂಗಿ ಮೂರು ಕಡೆ ತಪ್ಪು ಹಿಡಿದಿದ್ದಾಳೆ. ಅವನು ಮತ್ತೆ ಬರೆಯುತ್ತಿದ್ದಾನೆ.